ಎಳೆ ಕೂಸಿನ ಬ್ರಾಂಕಿಯೊಲೈಟಿಸ್‌ಗೆ ಈಗ ಔಷಧಿ ಯಾಕೆ ಕಡಿಮೆ ಕೊಡ್ತಾರೆ? ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಮಳೆ ಹಿಡಿಯಿತು ಅಂದರೆ ಮಕ್ಕಳ ವಾರ್ಡ್‌ಗಳು ತುಂಬುತ್ತವೆ. ಮೂಗು ಕಟ್ಟಿದ, ಎದೆ ಗುಂಯ್‌ಗುಡುವ, ಹಾಲು ಬಿಟ್ಟ ಎಳೆ ಕೂಸುಗಳೇ ಜಾಸ್ತಿ. ನಾನು ಇಲ್ಲಿನ ಒಂದು ಮಕ್ಕಳ ವಾರ್ಡ್‌ನಲ್ಲಿ ವೈದ್ಯೆ. ವಾಕಡ್, ಹಿಂಜವಡಿ ಕಡೆಯ ಐಟಿಯವರು, ಪಿಂಪರಿ-ಚಿಂಚವಡದ ಕಾರ್ಖಾನೆಗಳವರು, ಕಲಬುರಗಿ, ವಿಜಯಪುರದಿಂದ ಕಟ್ಟಡ ಕೆಲಸಕ್ಕೆ ಬಂದವರು, ಎಲ್ಲರೂ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಕನ್ನಡ ಮಾತಾಡುವವರು ಒಬ್ಬರು ಇದ್ದಾರೆ ಅಂತ ಗೊತ್ತಾದ ಕೂಡಲೇ ಅವರು ಕೇಳುವ ಪ್ರಶ್ನೆಗಳು ಇವು. ಹೆಚ್ಚಿನವು ಒಂದೇ ಅನುಮಾನದಿಂದ ಬರುತ್ತವೆ: "ಅಡ್ಮಿಟ್ ಮಾಡ್ಕೊಂಡ್ರು, ಆದ್ರೆ ಏನೂ ಕೊಡ್ತಾ ಇಲ್ಲ. ನಮ್ಮ ಮಗುವನ್ನ ಸರಿಯಾಗಿ ನೋಡ್ತಾ ಇದ್ದಾರಾ?"

ಬ್ರಾಂಕಿಯೊಲೈಟಿಸ್ ಅಂದ್ರೆ ಏನು? ನ್ಯುಮೋನಿಯಾನಾ, ದಮ್ಮಾ?

ಎರಡೂ ಅಲ್ಲ. ಇದು ವೈರಸ್‌ನಿಂದ ಬರುವ ಕಾಯಿಲೆ. ಎರಡು ವರ್ಷದೊಳಗಿನ ಮಕ್ಕಳಿಗೆ, ಅದರಲ್ಲೂ ಮೊದಲ ವರ್ಷದ ಕೂಸುಗಳಿಗೆ ಬರುತ್ತದೆ. ಶ್ವಾಸಕೋಶದ ಒಳಗಿನ ತೀರಾ ಸಣ್ಣ ಗಾಳಿ ಕೊಳವೆಗಳು ಊದಿಕೊಂಡು, ಅವುಗಳಲ್ಲಿ ಲೋಳೆ ತುಂಬಿಕೊಳ್ಳುತ್ತದೆ. ಮುಖ್ಯ ಕಾರಣ ಆರ್‌ಎಸ್‌ವಿ ಎಂಬ ವೈರಸ್. ರೈನೋವೈರಸ್‌ನಂಥ ಬೇರೆ ವೈರಸ್‌ಗಳಿಂದಲೂ ಬರಬಹುದು. ಉತ್ತರ ಭಾರತದಲ್ಲಿ ಇದರ ಕಾಟ ಚಳಿಗಾಲದಲ್ಲಿ ಜಾಸ್ತಿ. ನಮ್ಮ ಪುಣೆ, ಮುಂಬೈ ಕಡೆ ಮಳೆಗಾಲದಲ್ಲಿ ಮತ್ತು ಅದು ಮುಗಿಯುವ ಹೊತ್ತಿಗೆ ಜಾಸ್ತಿ.

ಮೊದಲ ಒಂದೆರಡು ದಿನ ಸಾದಾ ನೆಗಡಿಯ ಹಾಗೇ ಇರುತ್ತದೆ. ಆಮೇಲೆ ಕೆಮ್ಮು, ಜೋರು ಉಸಿರು, ಹಾಲು ಕುಡಿಯದಿರುವುದು ಶುರುವಾಗುತ್ತದೆ. ಮೂರರಿಂದ ಐದನೇ ದಿನದವರೆಗೆ ಏರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಈ ಲೆಕ್ಕ ನೆನಪಿಡಿ. ಎರಡನೇ ದಿನ ಅಡ್ಮಿಟ್ ಆದ ಮಗು ಮೂರನೇ ದಿನ ಸ್ವಲ್ಪ ಜಾಸ್ತಿ ಕಷ್ಟಪಟ್ಟರೆ ಅದು ಆಸ್ಪತ್ರೆಯವರ ತಪ್ಪು ಅಂತ ಅಲ್ಲ, ಕಾಯಿಲೆ ನಡೆಯುವ ದಾರಿಯೇ ಹಾಗೆ.

ಮಾರ್ಗಸೂಚಿ ಪ್ರಕಾರ ಔಷಧಿ ಕಡಿಮೆ ಅಂತೀರಲ್ಲ, ಈ "ಮಾರ್ಗಸೂಚಿ" ಯಾರು ಬರೆಯುತ್ತಾರೆ?

ಹೆಚ್ಚಾಗಿ ಮಕ್ಕಳ ತಜ್ಞರ ಸಂಘಗಳು. ಪ್ರಪಂಚದ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ, ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಅಂತ ಬರೆಯುತ್ತಾರೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2006ರಲ್ಲಿ ಬರೆದು, 2014ರಲ್ಲಿ ತಿದ್ದಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಎಂಬ ಸರ್ಕಾರಿ ಸಂಸ್ಥೆಯದು 2015ರಲ್ಲಿ ಬಂತು, 2021ರಲ್ಲಿ ಬದಲಾಯಿತು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನವರದು 2016ರಲ್ಲಿ ಬಂತು. ನಮ್ಮ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರಲ್ಲಿ ಮಕ್ಕಳ ಕಾಯಿಲೆಗಳಿಗೆ ಚಿಕಿತ್ಸಾ ಸೂತ್ರಗಳ ಸರಣಿಯನ್ನೇ ತಂದಿತು. ಅದರಲ್ಲಿ ಬ್ರಾಂಕಿಯೊಲೈಟಿಸ್ ಕೂಡ ಇದೆ.

ಇವು ಕಾನೂನಲ್ಲ. ಮುಂದೆ ಮಲಗಿರುವ ಮಗುವನ್ನು ನೋಡಿ ಡಾಕ್ಟರ್ ಬೇರೆ ದಾರಿ ಹಿಡಿಯಬಹುದು. ಹಿಡಿದರೆ ಅದಕ್ಕೊಂದು ಕಾರಣ ಇರಬೇಕು, ಆ ಕಾರಣವನ್ನು ನಿಮಗೆ ಹೇಳಬೇಕು.

ದೊಡ್ಡ ಮಗನಿಗೆ ದಿನಕ್ಕೆ ನಾಲ್ಕು ಸಲ ನೆಬ್ಯುಲೈಸರ್ ಹಚ್ಚಿದ್ರು. ಈ ಸಲ ಒಂದೂ ಇಲ್ಲ. ಯಾಕೆ?

ನನಗೆ ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದೇ.

ನೆಬ್ಯುಲೈಸರ್‌ನಲ್ಲಿ ಸಾಮಾನ್ಯವಾಗಿ ಹಾಕುವುದು ಸಾಲ್ಬುಟಮಾಲ್. ಅದು ಗಾಳಿ ಕೊಳವೆಯ ಸುತ್ತ ಇರುವ ಸ್ನಾಯುವನ್ನು ಸಡಿಲ ಮಾಡುತ್ತದೆ. ಅಸ್ತಮಾದಲ್ಲಿ ಆ ಸ್ನಾಯು ಬಿಗಿದುಕೊಂಡಿರುತ್ತದೆ, ಹಾಗಾಗಿ ಔಷಧಿ ಕೊಟ್ಟರೆ ಉಸಿರು ಬಿಡುತ್ತದೆ. ಎಳೆ ಕೂಸಿನ ಬ್ರಾಂಕಿಯೊಲೈಟಿಸ್‌ನಲ್ಲಿ ಕೊಳವೆ ಕಿರಿದಾಗಿರುವುದು ಊತದಿಂದ, ಲೋಳೆಯಿಂದ, ಉದುರಿದ ಜೀವಕೋಶಗಳಿಂದ. ಸ್ನಾಯು ಸಡಿಲ ಮಾಡಿದರೆ ಲೋಳೆ ಕರಗುತ್ತದಾ? ಇಲ್ಲ. ಎದೆಯಲ್ಲಿ ಕೇಳುವ ಶಬ್ದ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಥರ. ಅದಕ್ಕೇ ಎಷ್ಟೋ ವರ್ಷ ಎರಡಕ್ಕೂ ಒಂದೇ ಔಷಧಿ ಕೊಡುತ್ತಾ ಬಂದರು.

ಅಮೆರಿಕದ 2006ರ ಮಾರ್ಗಸೂಚಿ "ಎಲ್ಲರಿಗೂ ಕೊಡಬೇಡಿ, ಬೇಕಾದರೆ ಒಮ್ಮೆ ಕೊಟ್ಟು ನೋಡಿ" ಅನ್ನುವ ಅರ್ಥದಲ್ಲಿತ್ತು. 2014ರಲ್ಲಿ ಆ "ಕೊಟ್ಟು ನೋಡಿ"ಯನ್ನೂ ತೆಗೆದು ಹಾಕಿದರು. ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ, ಔಷಧಿ ಕೊಟ್ಟ ಮಕ್ಕಳು ಬೇಗ ಮನೆಗೆ ಹೋಗಲೂ ಇಲ್ಲ, ಅಡ್ಮಿಟ್ ಆಗುವುದು ತಪ್ಪಲೂ ಇಲ್ಲ. ಎದೆಬಡಿತ ಜೋರಾಗುವುದು, ಕೈ ನಡುಗುವುದು ಮಾತ್ರ ಜಾಸ್ತಿ. ಅಡ್ರಿನಲಿನ್ ನೆಬ್ಯುಲೈಸೇಶನ್ನೂ ಬೇಡ ಅಂತಲೇ ಬರೆದರು.

ಉಪ್ಪುನೀರಿನ ನೆಬ್ಯುಲೈಸೇಶನ್ ಬಗ್ಗೆ ಮಾತ್ರ ಮಾರ್ಗಸೂಚಿ ಬರೆದವರೊಳಗೇ ಒಮ್ಮತ ಇಲ್ಲ. ಆಸ್ಪತ್ರೆಯಲ್ಲಿ ಉಳಿದ ಮಕ್ಕಳಿಗೆ ಕೊಡಬಹುದು ಅಂತ ಅಮೆರಿಕದವರು ಹೇಳಿದರು, ಬೇಡ ಅಂತ ಬ್ರಿಟನ್ನಿನವರು ಹೇಳಿದರು. ಹಾಗಾಗಿ ನಿಮ್ಮ ಮಗುವಿಗೆ ನೆಬ್ಯುಲೈಸರ್ ಹಚ್ಚಿದರೆ "ಇದರಲ್ಲಿ ಏನು ಹಾಕಿದ್ದೀರಿ?" ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ. ಇನ್ನೊಂದು ಮಾತು: ಮಗುವಿಗೆ ವರ್ಷ ದಾಟಿದ್ದು, ಮೇಲಿಂದ ಮೇಲೆ ಎದೆ ಗುಂಯ್‌ಗುಟ್ಟುತ್ತಿದ್ದರೆ ಅದು ಬೇರೆಯೇ ಕಥೆ ಇರಬಹುದು. ಅಲ್ಲಿ ಸಾಲ್ಬುಟಮಾಲ್‌ಗೆ ಜಾಗ ಇದೆ.

ಸ್ಟೀರಾಯ್ಡ್ ಆದ್ರೂ ಕೊಡಬಹುದಿತ್ತಲ್ವಾ?

ಅದನ್ನೂ ನೋಡಿ ಆಗಿದೆ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 600 ಕೂಸುಗಳಿದ್ದವು. ಅರ್ಧದಷ್ಟು ಮಕ್ಕಳಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ಉಳಿದವರಿಗೆ ಔಷಧಿಯೇ ಇಲ್ಲದ ಬರೀ ಸಿಹಿ ದ್ರವ. ಅಡ್ಮಿಟ್ ಆದವರು ಒಂದು ಗುಂಪಿನಲ್ಲಿ ಶೇ. 39.7, ಇನ್ನೊಂದರಲ್ಲಿ ಶೇ. 41. ವ್ಯತ್ಯಾಸ ಇಲ್ಲ ಅಂತಲೇ ಅರ್ಥ.

ಜ್ವರ ಇದೆ. ಆಂಟಿಬಯೋಟಿಕ್ ಬೇಡವಾ? ಎಕ್ಸ್‌ರೇ, ರಕ್ತ ಪರೀಕ್ಷೆ?

ವೈರಸ್‌ಗೆ ಆಂಟಿಬಯೋಟಿಕ್ ತಾಗುವುದಿಲ್ಲ. ಜೊತೆಗೆ ಬ್ಯಾಕ್ಟೀರಿಯಾ ಸೋಂಕು ಇದೆ ಅಂತ ಖಚಿತವಾದರೆ, ಅಥವಾ ಬಲವಾದ ಅನುಮಾನ ಇದ್ದರೆ ಕೊಡುತ್ತಾರೆ.

ಎಕ್ಸ್‌ರೇಯಲ್ಲಿ ಒಂದು ತೊಂದರೆ ಇದೆ. ಬ್ರಾಂಕಿಯೊಲೈಟಿಸ್‌ನಲ್ಲೂ ಲೋಳೆ ಕಟ್ಟಿದ ಕಡೆ ಬಿಳಿ ಮಚ್ಚೆ ಕಾಣುತ್ತದೆ. ಅದನ್ನು ನ್ಯುಮೋನಿಯಾ ಅಂದುಕೊಂಡು ಬೇಡದ ಇಂಜೆಕ್ಷನ್ ಶುರುವಾಗುತ್ತದೆ. ಅದಕ್ಕೇ ಎಲ್ಲ ಮಕ್ಕಳಿಗೂ ಎಕ್ಸ್‌ರೇ ತೆಗೆಯಬೇಡಿ ಅಂತ ಮಾರ್ಗಸೂಚಿಗಳು ಹೇಳುತ್ತವೆ. ಮಗು ತೀರಾ ಸೀರಿಯಸ್ ಆದರೆ, ಒಂದು ಪಕ್ಕ ಗಾಳಿ ಸರಿಯಾಗಿ ಕೇಳದಿದ್ದರೆ, ಅಂದುಕೊಂಡ ಹಾಗೆ ಸುಧಾರಿಸದಿದ್ದರೆ ಆಗ ತೆಗೆಯಲೇಬೇಕು. ರಕ್ತ ಪರೀಕ್ಷೆಗೂ ಇದೇ ಮಾತು. ಒಂದು ವಿನಾಯಿತಿ ಇದೆ: ತೀರಾ ಎಳೆ ಕೂಸಿಗೆ, ಅಂದರೆ ಮೊದಲ ಒಂದೆರಡು ತಿಂಗಳಲ್ಲಿ ಜ್ವರ ಬಂದರೆ, ಪರೀಕ್ಷೆಗಳನ್ನು ಬೇಡ ಅನ್ನಬೇಡಿ.

ಹಾಗಾದ್ರೆ ಅಡ್ಮಿಟ್ ಮಾಡ್ಕೊಂಡು ಮಾಡೋದಾದ್ರೂ ಏನು?

ಮೂಗು ಸ್ವಚ್ಛ ಮಾಡುವುದು, ಹೊಟ್ಟೆಗೆ ಹಾಲು ಹೋಗುವ ಹಾಗೆ ನೋಡಿಕೊಳ್ಳುವುದು, ಬೇಕಾದರೆ ಆಕ್ಸಿಜನ್ ಕೊಡುವುದು, ಮತ್ತೆ ಮತ್ತೆ ಬಂದು ನೋಡುವುದು. ಇಷ್ಟೇ. ಆದರೆ ಈ "ಇಷ್ಟೇ"ಯಲ್ಲಿ ತುಂಬಾ ಕೆಲಸ ಇದೆ.

ಎಳೆ ಕೂಸು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಮೂಗು ಕಟ್ಟಿದರೆ ಉಸಿರೂ ಕಷ್ಟ, ಹಾಲೂ ಕಷ್ಟ. ಹಾಲು ಕೊಡುವ ಮುಂಚೆ ಎರಡು ಹನಿ ಉಪ್ಪುನೀರಿನ ಡ್ರಾಪ್ಸ್ ಹಾಕಿ ಮೂಗಿನ ಮುಂಭಾಗವನ್ನಷ್ಟೇ ಹೀರಿ ತೆಗೆದರೆ ಎಷ್ಟೋ ಮಕ್ಕಳು ಮತ್ತೆ ಕುಡಿಯಲು ಶುರು ಮಾಡುತ್ತವೆ. ಗಂಟಲಿನ ತನಕ ಪೈಪ್ ಹಾಕಿ ಆಳವಾಗಿ ಹೀರುವುದನ್ನು ರೂಢಿ ಮಾಡಿಕೊಳ್ಳಬಾರದು. ಬೆನ್ನು ತಟ್ಟಿ ಕಫ ಇಳಿಸುವ ಫಿಸಿಯೋಥೆರಪಿಯಿಂದಲೂ ಸಾಮಾನ್ಯ ಮಕ್ಕಳಿಗೆ ಲಾಭ ಕಂಡಿಲ್ಲ.

ಸಿಸ್ಟರ್ ಬಂದು ಮಗುವಿನ ಅಂಗಿ ಎತ್ತಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸುತ್ತಾರಲ್ಲ, ಅದೇ ಚಿಕಿತ್ಸೆಯ ಮುಖ್ಯ ಭಾಗ. ಸುಸ್ತಾಗುತ್ತಿರುವ ಮಗುವನ್ನು ಬೇಗ ಗುರುತಿಸಿದರೆ ಜೀವ ಉಳಿಯುತ್ತದೆ. ಔಷಧಿ ಕಡಿಮೆ ಮಾಡಿದ್ದು ಸರಿ, ಆದರೆ ನೋಡಿಕೊಳ್ಳುವುದನ್ನು ಕಡಿಮೆ ಮಾಡಿದರೆ ಅದು ಮಾರ್ಗಸೂಚಿಯ ಹೆಸರಿನಲ್ಲಿ ಮಾಡಿದ ಅನ್ಯಾಯ. ಇದನ್ನು ನಾನು ವಾರ್ಡ್‌ನಲ್ಲಿ ಹೊಸಬರಿಗೂ ಹೇಳುತ್ತೇನೆ.

ಮೆಷಿನ್‌ನಲ್ಲಿ 91 ತೋರಿಸ್ತಾ ಇದೆ, ಆಕ್ಸಿಜನ್ ತೆಗೆದುಬಿಟ್ರು. ಇದು ಸರಿನಾ?

ಮೆಷಿನ್ ತೋರಿಸುವ ಸಂಖ್ಯೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಶೇಕಡಾ ಲೆಕ್ಕದಲ್ಲಿ. ಕೋವಿಡ್ ನಂತರ ಎಲ್ಲರ ತಲೆಯಲ್ಲೂ 94, 95 ಅನ್ನುವ ಸಂಖ್ಯೆ ಕೂತುಬಿಟ್ಟಿದೆ. ಅದಕ್ಕೇ ಈ ಭಯ.

ಅಮೆರಿಕದ ಮಾರ್ಗಸೂಚಿ ಪ್ರಕಾರ 90ಕ್ಕಿಂತ ಮೇಲಿದ್ದರೆ ಆಕ್ಸಿಜನ್ ಕೊಡದೆಯೂ ಇರಬಹುದು. ಬ್ರಿಟನ್ನಿನಲ್ಲಿ 2015ರಲ್ಲಿ ಗೆರೆ 92 ಇತ್ತು. 2021ರಲ್ಲಿ ಆರು ವಾರ ದಾಟಿದ, ಬೇರೆ ಕಾಯಿಲೆ ಇಲ್ಲದ ಮಕ್ಕಳಿಗೆ 90ಕ್ಕೆ ಇಳಿಸಿದರು. ಆರು ವಾರದೊಳಗಿನ ಕೂಸಿಗೆ, ಹೃದಯದ್ದೋ ಶ್ವಾಸಕೋಶದ್ದೋ ತೊಂದರೆ ಇರುವ ಮಗುವಿಗೆ 92ನ್ನೇ ಇಟ್ಟುಕೊಂಡರು.

ಈ ಧೈರ್ಯ ಎಲ್ಲಿಂದ ಬಂತು? 2015ರಲ್ಲಿ ಬ್ರಿಟನ್ನಿನ 8 ಆಸ್ಪತ್ರೆಗಳ 615 ಕೂಸುಗಳ ಅಧ್ಯಯನ ಪ್ರಕಟವಾಯಿತು. ಅರ್ಧದಷ್ಟು ಮಕ್ಕಳಿಗೆ ಹಾಕಿದ ಮೆಷಿನ್‌ಗಳನ್ನು, ನಿಜವಾದ ಮಟ್ಟ 90 ಇದ್ದಾಗ 94 ಅಂತ ತೋರಿಸುವ ಹಾಗೆ ಮಾರ್ಪಡಿಸಿದ್ದರು. ಹಾಗಾಗಿ ಆ ಮಕ್ಕಳಿಗೆ ಆಕ್ಸಿಜನ್ ಕಡಿಮೆ ಹೊತ್ತು ಸಿಕ್ಕಿತು. ಕೆಮ್ಮು ನಿಲ್ಲಲು ಎರಡೂ ಗುಂಪಿಗೆ ಅಷ್ಟೇ ದಿನ ಹಿಡಿಯಿತು, ಸುಮಾರು 15 ದಿನ. ಕಡಿಮೆ ಆಕ್ಸಿಜನ್ ಪಡೆದವರಿಗೆ ಹಾನಿ ಕಾಣಲಿಲ್ಲ, ಅವರು ಬೇಗ ಮನೆಗೂ ಹೋದರು. ಅದಕ್ಕೂ ಒಂದು ವರ್ಷ ಮೊದಲು ಕೆನಡಾದ ಟೊರಾಂಟೊದಿಂದ 213 ಮಕ್ಕಳ ಅಧ್ಯಯನ ಬಂದಿತ್ತು. ಅಲ್ಲಿ ಮೆಷಿನ್ ನಿಜಕ್ಕಿಂತ 3 ಅಂಕ ಜಾಸ್ತಿ ತೋರಿಸಿದಾಗ, ಆಸ್ಪತ್ರೆಯಲ್ಲಿ ಉಳಿಸಿಕೊಂಡ ಮಕ್ಕಳು ಶೇ. 41ರಿಂದ 25ಕ್ಕೆ ಇಳಿದರು. ಮಗುವಿನ ಸ್ಥಿತಿಗಿಂತ ಪರದೆಯ ಸಂಖ್ಯೆಯೇ ಅಡ್ಮಿಶನ್ ನಿರ್ಧರಿಸುತ್ತಿತ್ತು ಅಂತ ಆಯಿತಲ್ವಾ?

ನಿದ್ದೆಯಲ್ಲಿ ಆರೋಗ್ಯವಂತ ಕೂಸಿಗೂ ಸಂಖ್ಯೆ ಒಂದು ಕ್ಷಣ ಕೆಳಗಿಳಿದು ಮೇಲೆ ಬರುತ್ತದೆ. ಹಾಗಾಗಿ ಮಗು ಸುಧಾರಿಸುತ್ತಿದ್ದರೆ ಮೆಷಿನ್ ಬಿಚ್ಚಿ, ಆಗಾಗ ಮಾತ್ರ ನೋಡುತ್ತಾರೆ. ಒಂದು ಎಚ್ಚರಿಕೆ ಕೂಡ ಬೇಕು: ಕಪ್ಪು ಬಣ್ಣದ ಚರ್ಮದಲ್ಲಿ ಈ ಮೆಷಿನ್ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ನಮ್ಮ ಮಕ್ಕಳ ವಿಷಯದಲ್ಲಿ 90ರ ಅಂಚಿನಲ್ಲಿದ್ದಾಗ ನಾನು ಸಂಖ್ಯೆಗಿಂತ ಮಗುವಿನ ಪಕ್ಕೆಯನ್ನು, ಮುಖವನ್ನು ಜಾಸ್ತಿ ನಂಬುತ್ತೇನೆ.

ಮನೆಯಲ್ಲಿರುವ ದೊಡ್ಡವರ ಬೆರಳಿನ ಕ್ಲಿಪ್ ಕೂಸಿಗೆ ಹಾಕಬೇಡಿ. ಅದರ ಸಂಖ್ಯೆ ನಂಬುವ ಹಾಗಿರುವುದಿಲ್ಲ.

ಮೂಗಿನಿಂದ ನಳಿಕೆ ಹಾಕಿ ಹಾಲು ಕೊಡ್ತೀವಿ ಅಂತಾರೆ. ಸಲೈನ್ ಹಚ್ಚಿದ್ರೆ ಸಾಲದಾ?

ನಳಿಕೆ ನೋಡಿದರೆ ತಾಯಂದಿರಿಗೆ ಕರುಳು ಹಿಂಡಿದ ಹಾಗಾಗುತ್ತದೆ, ಗೊತ್ತು. ಆದರೆ ಎರಡೂ ಅಷ್ಟೇ ಸುರಕ್ಷಿತ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ 759 ಕೂಸುಗಳ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸ್ಪತ್ರೆ ವಾಸ ಎರಡರಲ್ಲೂ ಒಂದೇ ಇತ್ತು. ಮೊದಲ ಪ್ರಯತ್ನದಲ್ಲೇ ನಳಿಕೆ ಕೂತಿದ್ದು ಶೇ. 85 ಮಕ್ಕಳಿಗೆ. ಸಲೈನ್ ಸೂಜಿ ಕೂತಿದ್ದು ಶೇ. 56 ಮಕ್ಕಳಿಗೆ ಮಾತ್ರ. ಗುಂಡುಗುಂಡಾದ ಕೂಸಿನ ಕೈಯಲ್ಲಿ ನರ ಹುಡುಕುವುದನ್ನು ನೋಡಿದವರಿಗೆ ಇದರ ಅರ್ಥ ಗೊತ್ತು. ನಳಿಕೆಯಲ್ಲಿ ನಿಮ್ಮ ಎದೆಹಾಲನ್ನೇ ಹಿಂಡಿ ಕೊಡಬಹುದು. ಹೊಟ್ಟೆಗೆ ಹಾಲು ತಡೆಯದಷ್ಟು ಸುಸ್ತಾದ ಮಗುವಿಗೆ ಸಲೈನ್ ಬೇಕಾಗುತ್ತದೆ.

ಹೈ ಫ್ಲೋ ಮೆಷಿನ್ ಹಾಕಿದ್ರೆ ಬೇಗ ಗುಣ ಆಗುತ್ತಾ?

ಹೈ ಫ್ಲೋ ಅಂದರೆ ಬೆಚ್ಚಗಿನ, ತೇವದ ಗಾಳಿ ಮತ್ತು ಆಕ್ಸಿಜನ್ ಅನ್ನು ಮೂಗಿನಿಂದ ರಭಸವಾಗಿ ಕೊಡುವ ಮೆಷಿನ್. ಅದರಿಂದ ಬೇಗ ಗುಣವಾಗುವುದಿಲ್ಲ. 2018ರಲ್ಲಿ 1472 ಮಕ್ಕಳ ಅಧ್ಯಯನ ಬಂತು. ಸಾದಾ ಆಕ್ಸಿಜನ್ ಸಾಲದೆ ಚಿಕಿತ್ಸೆ ಏರಿಸಬೇಕಾದವರು ಶೇ. 23, ಹೈ ಫ್ಲೋ ಗುಂಪಿನಲ್ಲಿ ಶೇ. 12. ಆದರೆ ಆಸ್ಪತ್ರೆಯಲ್ಲಿ ಇದ್ದ ದಿನಗಳು ಕಡಿಮೆ ಆಗಲಿಲ್ಲ. ಸಾದಾ ಆಕ್ಸಿಜನ್ ಸಾಲದ ಮಕ್ಕಳಲ್ಲೂ ಶೇ. 61 ಮಂದಿ ಆಮೇಲೆ ಹೈ ಫ್ಲೋಗೆ ಸುಧಾರಿಸಿದರು. ಮೊದಲು ಸಾದಾ ಆಕ್ಸಿಜನ್, ಸಾಲದಿದ್ದರೆ ಹೈ ಫ್ಲೋ. ನನಗೆ ಸರಿ ಅನ್ನಿಸುವ ಕ್ರಮ ಇದು. ಖರ್ಚಿನ ವಿಷಯ ನಮ್ಮಲ್ಲಿ ಸಣ್ಣದಲ್ಲ.

ಪಕ್ಕದ ಆಸ್ಪತ್ರೆಯಲ್ಲಿ ಎಲ್ಲಾ ಕೊಡ್ತಾರೆ. ಮಾರ್ಗಸೂಚಿ ಒಂದೇ ಆದ್ರೆ ಚಿಕಿತ್ಸೆ ಬೇರೆ ಬೇರೆ ಯಾಕೆ?

ಪುಸ್ತಕ ಬದಲಾದ ಮಾತ್ರಕ್ಕೆ ವಾರ್ಡ್ ಬದಲಾಗುವುದಿಲ್ಲ.

ರಾತ್ರಿ ಎರಡು ಗಂಟೆಗೆ ಮಗು ಏದುಸಿರು ಬಿಡುತ್ತಿದೆ, ತಂದೆ "ಏನಾದ್ರೂ ಮಾಡಿ ಡಾಕ್ಟರ್" ಅಂತ ಕೈ ಮುಗಿಯುತ್ತಾರೆ. ಡ್ಯೂಟಿಯಲ್ಲಿರುವ ಕಿರಿಯ ಡಾಕ್ಟರ್ ಸುಮ್ನೆ ನಿಲ್ಲುವುದು ಹೇಗೆ? ಕೈಗೆ ಸಿಗುವುದು ನೆಬ್ಯುಲೈಸರ್. ಮೇಲಾಗಿ ಕೆಲವು ಕಡೆ ಕೇಸ್ ಪೇಪರ್‌ನಲ್ಲೇ ಔಷಧಿಗಳ ಪಟ್ಟಿ ಅಚ್ಚಾಗಿರುತ್ತದೆ, ಗುರುತು ಹಾಕಿದರೆ ಆಯಿತು. ಹಿರಿಯರು ಕಲಿಸಿದ್ದನ್ನು ಕಿರಿಯರು ಮಾಡುತ್ತಾರೆ.

ಇದನ್ನು ಬದಲಿಸಲು ಏನು ಬೇಕು ಅಂತಲೂ ಅಳೆದು ನೋಡಿದ್ದಾರೆ. 2017ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ 26 ಆಸ್ಪತ್ರೆಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾರ್ಗಸೂಚಿಯನ್ನು ಮಾಮೂಲಿನಂತೆ ತಲುಪಿಸಿ ಬಿಟ್ಟರು. ಇನ್ನೊಂದರಲ್ಲಿ ಪ್ರತಿ ಆಸ್ಪತ್ರೆಯಲ್ಲೂ ಜವಾಬ್ದಾರಿ ಹೊರುವ ಡಾಕ್ಟರ್, ನರ್ಸ್‌ಗಳನ್ನು ಆರಿಸಿ, ತರಬೇತಿ ಕೊಟ್ಟು, ಅವರದೇ ವಾರ್ಡ್‌ನ ಲೆಕ್ಕವನ್ನು ಅವರ ಮುಂದೆ ಇಟ್ಟರು. ಎಕ್ಸ್‌ರೇ, ಸಾಲ್ಬುಟಮಾಲ್, ಸ್ಟೀರಾಯ್ಡ್, ಅಡ್ರಿನಲಿನ್, ಆಂಟಿಬಯೋಟಿಕ್, ಈ ಐದರಲ್ಲಿ ಒಂದನ್ನೂ ಮೊದಲ 24 ಗಂಟೆ ಮುಟ್ಟದೆ ನೋಡಿಕೊಂಡ ಮಕ್ಕಳು ಮೊದಲ ಗುಂಪಿನಲ್ಲಿ ಶೇ. 73, ಎರಡನೆಯದರಲ್ಲಿ ಶೇ. 85. ನನಗೆ ಈ ಅಧ್ಯಯನದ ಮೇಲೆ ತುಂಬಾ ಪ್ರೀತಿ. ಡಾಕ್ಟರನ್ನು ಬೈಯದೆ, ವಾರ್ಡ್‌ನ ಜೊತೆ ಕೂತು ಕೆಲಸ ಮಾಡಿದರೆ ಅಭ್ಯಾಸ ಬದಲಾಗುತ್ತದೆ ಅಂತ ಅದು ತೋರಿಸಿತು.

ನಮ್ಮಲ್ಲಿ ಇನ್ನೊಂದು ಕೈಯೂ ಸೇರಬೇಕು. ಅದು ನಿಮ್ಮದು. "ಇಂಜೆಕ್ಷನ್ ಇಲ್ಲ ಅಂದ್ರೆ ಬೇರೆ ಕಡೆ ಹೋಗ್ತೀವಿ" ಅನ್ನುವ ಮಾತು ದಿನಾ ಕೇಳುತ್ತೇವೆ. ಅದರ ಬದಲು ಹೀಗೆ ಕೇಳಿ: "ಇದನ್ನು ಕೊಟ್ಟರೆ ಏನು ಲಾಭ? ಕೊಡದಿದ್ದರೆ ಏನಾಗುತ್ತದೆ? ರಾತ್ರಿ ಯಾರು ಬಂದು ನೋಡುತ್ತಾರೆ?"

ಔಷಧಿನೇ ಇಲ್ಲ ಅಂದ್ರೆ ಮೆಡಿಕ್ಲೇಮ್ ತಿರಸ್ಕಾರ ಆಗಲ್ವಾ?

ಬರೀ ಪರೀಕ್ಷೆಗೆ, ತಪಾಸಣೆಗೆ ಅಡ್ಮಿಟ್ ಆದರೆ ಪಾಲಿಸಿಗಳು ಹಣ ಕೊಡುವುದಿಲ್ಲ, ನಿಜ. ಆದರೆ ಆಕ್ಸಿಜನ್, ನಳಿಕೆಯ ಹಾಲು, ಸಲೈನ್ ಎಲ್ಲವೂ ಚಿಕಿತ್ಸೆಯೇ. ಅಡ್ಮಿಟ್ ಮಾಡಿದಾಗಿನ ಆಕ್ಸಿಜನ್ ಮಟ್ಟ, ಉಸಿರಿನ ವೇಗ, ಎಷ್ಟು ಹಾಲು ಬಿಟ್ಟಿತ್ತು, ಇವು ಡಿಸ್ಚಾರ್ಜ್ ಪೇಪರ್‌ನಲ್ಲಿ ಸ್ಪಷ್ಟವಾಗಿ ಬರುವ ಹಾಗೆ ಡಾಕ್ಟರಿಗೆ ಹೇಳಿ. ಹುಟ್ಟಿದ ಮಗುವಿನ ಹೆಸರನ್ನು ಪಾಲಿಸಿಗೆ ಸೇರಿಸಿದ್ದೀರಾ ಅಂತಲೂ ನೋಡಿಕೊಳ್ಳಿ.

ಊರಿಂದ ಅಜ್ಜಿ ಬಂದಿದ್ದಾರೆ. ಸಾಂಬ್ರಾಣಿ ಹೊಗೆ, ಕರ್ಪೂರದ ಎಣ್ಣೆ ಮಾಡ್ತೀನಿ ಅಂತಾರೆ.

ಅಜ್ಜಿಯ ಪ್ರೀತಿಗೆ ಕೈ ಮುಗಿಯಿರಿ, ಹೊಗೆಗೆ ಬೇಡ ಅನ್ನಿ. ಎರೆದ ಮೇಲೆ ಹಾಕುವ ಸಾಂಬ್ರಾಣಿ, ಕೆಂಡದ ಹೊಗೆ, ಊದುಬತ್ತಿ, ಬೀಡಿ ಸಿಗರೇಟು, ಎಲ್ಲವೂ ಊದಿಕೊಂಡ ಕೊಳವೆಗೆ ಇನ್ನಷ್ಟು ಉರಿ. ಕರ್ಪೂರ ಎಳೆ ಮಕ್ಕಳಿಗೆ ವಿಷವಾಗಬಹುದು, ಫಿಟ್ಸ್ ಬರಬಹುದು. ಬಿಸಿ ಹಬೆ ಹಿಡಿಯಬೇಡಿ, ಸುಟ್ಟುಕೊಂಡು ಬಂದ ಮಕ್ಕಳನ್ನು ನೋಡಿದ್ದೇವೆ. ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ. ಬರೆ ಹಾಕುವುದಂತೂ ಕೂಡದೇ ಕೂಡದು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿ ಸಿರಪ್ ಕೊಡಬಾರದು ಅಂತ ಕೇಂದ್ರ ಸರ್ಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಿ ಸೂಚನೆ ಕೊಟ್ಟಿದೆ. ಮೆಡಿಕಲ್ ಶಾಪ್‌ನವರು ಕೊಟ್ಟರೂ ತರಬೇಡಿ.

ಅಜ್ಜಿಗೆ ಬೇರೆ ಕೆಲಸ ಕೊಡಿ. ಮಗುವನ್ನು ತಲೆ ಎತ್ತರ ಮಾಡಿ ಎತ್ತಿಕೊಂಡು, ಸ್ವಲ್ಪ ಸ್ವಲ್ಪ ಹಾಲನ್ನು ಮತ್ತೆ ಮತ್ತೆ ಕುಡಿಸಲು ಅವರಿಗಿಂತ ತಾಳ್ಮೆ ಯಾರಿಗಿದೆ?

ಯಾವಾಗ ತಡ ಮಾಡದೆ ಹೊರಡಬೇಕು?

ಉಸಿರು ನಡುವೆ ನಿಂತು ನಿಂತು ಬರುತ್ತಿದ್ದರೆ, ತುಟಿ ನಾಲಿಗೆ ನೀಲಿಯಾದರೆ, ಪ್ರತಿ ಉಸಿರಿಗೂ ನರಳುತ್ತಿದ್ದರೆ, ಪಕ್ಕೆ ಒಳಗೆ ಜೋರಾಗಿ ಎಳೆಯುತ್ತಿದ್ದರೆ, ನಿಮಿಷಕ್ಕೆ 70ಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ 108ಕ್ಕೆ ಫೋನ್ ಮಾಡಿ. ನಿಮಿಷಕ್ಕೆ 60 ದಾಟಿದರೆ, ಹಾಲು ಮಾಮೂಲಿನ ಅರ್ಧದಷ್ಟಕ್ಕೆ ಇಳಿದರೆ, 12 ಗಂಟೆ ಮೂತ್ರ ಹೋಗದಿದ್ದರೆ ಅದೇ ದಿನ ತೋರಿಸಿ. ಮೂರು ತಿಂಗಳೊಳಗಿನ ಕೂಸು, ದಿನ ತುಂಬದೆ ಹುಟ್ಟಿದ ಮಗು, ಹೃದಯದ ತೊಂದರೆ ಇರುವ ಮಗು ಆದರೆ ಇಷ್ಟು ಕಾಯಬೇಡಿ.

ಮರಾಠಿ ಬಾರದಿದ್ದರೆ ಸಿಸ್ಟರ್‌ಗೆ ಹೇಳಲು ಇವು ಸಾಕು: "ಬಾಳ್ ದೂಧ್ ಪೀತ್ ನಾಹೀ" ಅಂದರೆ ಹಾಲು ಕುಡಿಯುತ್ತಿಲ್ಲ. "ಧಾಪ್ ಲಾಗತೇ" ಅಂದರೆ ಏದುಸಿರು ಬರುತ್ತಿದೆ.

ಮನೆಗೆ ಯಾವಾಗ ಕಳಿಸ್ತಾರೆ? ಕೆಮ್ಮು ಇನ್ನೂ ಇದೆಯಲ್ಲ?

ಸಾಕಷ್ಟು ಹಾಲು ಕುಡಿಯುತ್ತಿದ್ದು, ಆಕ್ಸಿಜನ್ ಇಲ್ಲದೆ ನಾಲ್ಕು ಗಂಟೆ, ಅದರಲ್ಲಿ ಸ್ವಲ್ಪ ಹೊತ್ತು ನಿದ್ದೆಯೂ ಸೇರಿ, ರಕ್ತದ ಆಕ್ಸಿಜನ್ ಮಟ್ಟ ಇಳಿಯದೆ ನಿಂತಿದ್ದರೆ ಕಳಿಸಬಹುದು ಅಂತ ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ಮನೆ ದೂರ ಇದ್ದರೆ, ರಾತ್ರಿ ಗಾಡಿ ಸಿಗದ ಜಾಗವಾದರೆ ಅದನ್ನು ಡಾಕ್ಟರಿಗೆ ಹೇಳಿ. ಇನ್ನೊಂದು ರಾತ್ರಿ ಉಳಿಸಿಕೊಳ್ಳಲು ಅದೂ ಕಾರಣವೇ. ಕೆಮ್ಮು ಎರಡು ಮೂರು ವಾರ ಇರುತ್ತದೆ.

ಬರದ ಹಾಗೆ ತಡೆಯೋಕೆ ಏನಿದೆ?

ಮಗುವನ್ನು ಮುಟ್ಟುವ ಮೊದಲು ಕೈ ತೊಳೆಯುವುದು, ನೆಗಡಿ ಆದವರು ದೂರ ಇರುವುದು, ಎದೆಹಾಲು, ಮನೆಯೊಳಗೆ ಹೊಗೆ ಇಲ್ಲದಿರುವುದು. ನಾಮಕರಣದ ದಿನ ಮಗು ಕೈಯಿಂದ ಕೈಗೆ ಹೋಗುವುದನ್ನು ಮಳೆಗಾಲದಲ್ಲಾದರೂ ಕಡಿಮೆ ಮಾಡಿ.

ಆರ್‌ಎಸ್‌ವಿಗೆ ಈಗ ಎರಡು ಹೊಸ ದಾರಿಗಳಿವೆ. ಒಂದು, ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಕೊಡುವ ಲಸಿಕೆ. ಇನ್ನೊಂದು, ಕೂಸಿಗೆ ಒಂದೇ ಸಲ ಕೊಡುವ ನಿರ್ಸೆವಿಮ್ಯಾಬ್ ಎಂಬ ಇಂಜೆಕ್ಷನ್. ಇದು ಸಿದ್ಧ ಪ್ರತಿಕಾಯವನ್ನೇ ಮಗುವಿನ ಮೈಗೆ ಕೊಡುತ್ತದೆ. ಅಮೆರಿಕದಲ್ಲಿ ಎರಡಕ್ಕೂ 2023ರಲ್ಲಿ ಒಪ್ಪಿಗೆ ಸಿಕ್ಕಿತು, ವಿಶ್ವ ಆರೋಗ್ಯ ಸಂಸ್ಥೆಯೂ ಎರಡನ್ನೂ ಶಿಫಾರಸು ಮಾಡಿದೆ. ನಮ್ಮ ಸರ್ಕಾರಿ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇವು ಇಲ್ಲ. ಹೆರಿಗೆ ಮಳೆಗಾಲದ ಹತ್ತಿರ ಬೀಳುವ ಹಾಗಿದ್ದರೆ ಏಳನೇ ತಿಂಗಳಲ್ಲೇ ನಿಮ್ಮ ಡಾಕ್ಟರ್ ಹತ್ತಿರ ಇದರ ಬಗ್ಗೆ ಮಾತಾಡಿ. ಲಸಿಕೆ ಹಾಕಿಸಿಕೊಂಡು ತಾಯಿಯ ಪ್ರತಿಕಾಯ ಮಗುವಿಗೆ ದಾಟಲು ಕನಿಷ್ಠ ಎರಡು ವಾರ ಬೇಕು.